ವಾಡೆಯ ಬೆಳ್ಳಿ: ಸಾಮಾನು ಭರ್ಜರಿ, ಇಟ್ಟುಕೊಂಡ ರೀತಿ ಅಷ್ಟಕ್ಕಷ್ಟೆ

ಬೆಳಗಾವಿ ಕಡೆಯ ಒಂದು ವಾಡೆಯ, ಅಂದರೆ ಹಳೇ ಜಮೀನ್ದಾರಿ ಮನೆತನದ ದೊಡ್ಡ ಮನೆಯ, ಬೆಳ್ಳಿ ಸಾಮಾನು ನೋಡಿ, ಅಲ್ಲೇ ಉಂಡು ಬಂದೆ. ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಬೆಳ್ಳಿ ಸಾಮಾನಿಗೆ ಹತ್ತಕ್ಕೆ ಒಂಬತ್ತು. ಊಟಕ್ಕೆ ಎಂಟು. ಆ ಬೆಳ್ಳಿಯನ್ನು ಇಟ್ಟುಕೊಂಡ ಮತ್ತು ತೋರಿಸುವ ರೀತಿಗೆ ನಾಲ್ಕು, ಅದೂ ಮನೆಯ ಹಿರಿಯಮ್ಮನ ಮುಖ ನೋಡಿ. ಹೋಗಬಹುದಾ ಅಂದರೆ ಖಂಡಿತ ಹೋಗಿ. ಆದರೆ ಗೈಡ್ ಹುಡುಗ ಹೇಳಿದ್ದನ್ನೆಲ್ಲ ನಂಬಬೇಡಿ, ಹೊಳಪಿಗೆ ಮರುಳಾಗಬೇಡಿ, ಸಾಧ್ಯವಾದಷ್ಟು ಪಾತ್ರೆಗಳ ತಳ ನೋಡಿ ಬನ್ನಿ.

ವಾಡೆಯ ಹೆಸರು, ಊರು ಬರೆಯುವುದಿಲ್ಲ. ಇಷ್ಟು ಬೆಳ್ಳಿ ಇರುವ ಮನೆಯ ವಿಳಾಸ ನೆಟ್‌ನಲ್ಲಿ ಹಾಕಬೇಡಿ ಎಂದು ಮನೆಯವರೇ ಕೇಳಿಕೊಂಡರು, ಅದು ನ್ಯಾಯವೇ. ಬೈಯುವ ಮಾತೂ ಒಂದಿಷ್ಟು ಇರುವುದರಿಂದ ನನಗೂ ಅದೇ ಅನುಕೂಲ. ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಯರಗಟ್ಟಿ ಕಡೆ ಹೋಗುವಾಗ ಒಳಗೆ ತಿರುಗಬೇಕು, ದೇಸಾಯರ ವಾಡೆ. ಈ ಭಾಗದಲ್ಲಿ ಓಡಾಡುವವರನ್ನು ಕೇಳಿದರೆ ಯಾವುದೆಂದು ಹೇಳುತ್ತಾರೆ. ಮೊದಲೇ ಫೋನ್ ಮಾಡಬೇಕು, ಸುಮ್ನೆ ಹೋಗಿ ಬಾಗಿಲು ಬಡಿದರೆ ಒಳಗೆ ಬಿಡುವುದಿಲ್ಲ. ಒಬ್ಬರಿಗೆ 600 ರೂಪಾಯಿ, ಊಟ ಸೇರಿ.

ವಾಡೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದೊಡ್ಡ ಬಾಗಿಲು, ಅದರಲ್ಲೊಂದು ಸಣ್ಣ ದಿಡ್ಡಿ, ಒಳಗೆ ಅಂಗಳ, ಸುತ್ತ ಪಡಸಾಲೆ, ತೇಗದ ಕಂಬಗಳು. ಇಂಥ ವಾಡೆ ನಮ್ಮ ಕಡೆ ಇನ್ನೂ ಒಂದಿಷ್ಟು ಉಳಿದಿವೆ. ಬೇರೆ ವಾಡೆಗಳಲ್ಲಿ ಇಲ್ಲದ್ದು ಇಲ್ಲಿರುವುದು ಮಹಡಿಯ ಮೇಲಿನ ಊಟದ ಕೋಣೆ.

ಅಲ್ಲೊಂದು ಉದ್ದನೆಯ ಮೇಜು, ಹದಿನಾರು ಕುರ್ಚಿ, ಮೇಜಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಿ. ಈ ಮನೆಯವರು ತಾವು ಯಾವತ್ತೂ ಆ ಮೇಜಿನ ಮೇಲೆ ಉಂಡವರಲ್ಲ. ಅವರದ್ದು ಕೆಳಗೆ ಅಡುಗೆಮನೆ ಪಕ್ಕದಲ್ಲಿ, ಮಣೆ ಹಾಕಿ ನೆಲದ ಮೇಲೆ ಊಟ. ಮೇಲಿನ ಕೋಣೆ ಸಾಹೇಬರಿಗೆ. ಬೆಳಗಾವಿ ಆಗ ದೊಡ್ಡ ದಂಡಿನ ಊರು, ಕಲೆಕ್ಟರು, ಅವನ ಕೈಕೆಳಗಿನವರು, ಶಿಕಾರಿಗೆ ಬಂದ ಮಿಲಿಟರಿ ಆಫೀಸರು, ಯಾರಾದರೂ ಬಂದರೆ ಅವರ ಪದ್ಧತಿಯಲ್ಲೇ ಊಟಕ್ಕೆ ಕೂರಿಸಬೇಕಿತ್ತಂತೆ. ಹಾಗಾಗಿ ಟೋಸ್ಟ್ ಸ್ಟ್ಯಾಂಡು, ಉಪ್ಪಿನ ಬಟ್ಟಲು, ಸಾಸಿವೆ ಡಬ್ಬಿ, ಟೀ ಸೆಟ್ಟು, ಮೇಣದಬತ್ತಿ ಸ್ಟ್ಯಾಂಡು ಎಲ್ಲವೂ ಈ ಜೋಳದ ಸೀಮೆಗೆ ಬಂದು ಕೂತಿವೆ.

ಮೇಜಿನ ನಟ್ಟನಡುವೆ ಒಂದು ದೊಡ್ಡ ಎಪರ್ನ್ ಇದೆ. ಹಳೇ ಇಂಗ್ಲಿಷ್ ಮನೆಗಳಲ್ಲಿ ಊಟದ ಮೇಜಿನ ನಡುವೆ ಇಡುತ್ತಿದ್ದ ಸ್ಟ್ಯಾಂಡು ಅದು, ಕೊಂಬೆಗಳ ತುದಿಯಲ್ಲಿ ಹಣ್ಣು, ಸಿಹಿ ಇಡಲು ಸಣ್ಣ ಸಣ್ಣ ಬಟ್ಟಲು. ಇಲ್ಲಿಯದರ ನಡುಗಂಬ ಒಂದು ಖರ್ಜೂರದ ಮರ, ಬುಡದಲ್ಲಿ ಎರಡು ಒಂಟೆ ಮಲಗಿವೆ. ಒಂಟೆಯ ಹಗ್ಗದ ಹುರಿಯೂ ಕಾಣುತ್ತದೆ, ಅಷ್ಟು ಸೊಗಸಾದ ಕೆಲಸ. ಗೈಡ್ ಹುಡುಗ ಎದೆ ಉಬ್ಬಿಸಿ, "ಸರ್, ಇದು ಪೂರಾ ಅಚ್ಚ ಬೆಳ್ಳಿರಿ, ಲಂಡನ್‌ದಿಂದ ಹಡಗದಾಗ ಬಂದೈತ್ರಿ" ಅಂದ. ನಾನು ತಳ ನೋಡಬಹುದಾ ಅಂದೆ. ಮುಟ್ಟಂಗಿಲ್ಲ ಅಂದ. ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಪೀಠದ ಅಂಚಿನಲ್ಲೇ ಎಲ್ಕಿಂಗ್ಟನ್ ಕಂಪನಿಯ ಮುದ್ರೆ ಇತ್ತು, ಅದರ ಹತ್ತಿರವೇ ಒಂಟೆಯ ಬೆನ್ನು ಸವೆದು ಒಳಗಿನ ಹಳದಿ ಛಾಯೆಯ ಲೋಹ ಇಣುಕುತ್ತಿತ್ತು.

ಅಚ್ಚ ಬೆಳ್ಳಿ ಸವೆದರೆ ಒಳಗೂ ಬೆಳ್ಳಿಯೇ ಕಾಣುತ್ತದೆ, ಅಲ್ವಾ. ಇದು ಬೆಳ್ಳಿ ಲೇಪ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್‌ನವರು 1840 ರಲ್ಲಿ ವಿದ್ಯುತ್ತಿನಿಂದ ಬೆಳ್ಳಿ ಹತ್ತಿಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡವರು. ಕೆಳಗೆ ಬೇರೆ ಲೋಹದಲ್ಲಿ ಪಾತ್ರೆ ಮಾಡಿ, ಬೆಳ್ಳಿ ಕರಗಿದ ದ್ರಾವಣದಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಮೇಲೊಂದು ಪದರ ಕೂರಿಸುವುದು. ಅದಕ್ಕೂ ಮೊದಲು ಶೆಫೀಲ್ಡ್‌ನಲ್ಲಿ ತಾಮ್ರದ ತಗಡಿಗೆ ಬೆಳ್ಳಿ ತಗಡು ಬೆಸೆದು ಪಾತ್ರೆ ಮಾಡುತ್ತಿದ್ದರು, ಅದು ಸವೆದರೆ ಕೆಂಪು ಕಾಣುತ್ತದೆ. ಎಲ್ಕಿಂಗ್ಟನ್ ಬಂದ ಮೇಲೆ ಆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು. ಲೇಪದ ಸಾಮಾನು ಅಂದ ಮಾತ್ರಕ್ಕೆ ಕಳಪೆ ಅಂತಲ್ಲ. ಈ ಒಂಟೆಗಳನ್ನು ಅಚ್ಚು ಹಾಕಿದವನ ಕೈಚಳಕ ಯಾವ ಅಚ್ಚ ಬೆಳ್ಳಿಗೂ ಕಡಿಮೆ ಇಲ್ಲ. ಇರುವುದನ್ನು ಇರುವ ಹಾಗೆ ಹೇಳಿದರೆ ಮನೆತನದ ಮರ್ಯಾದೆಗೆ ಏನೂ ಆಗುವುದಿಲ್ಲ. ಆದರೆ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ "ಶುದ್ಧ ಬೆಳ್ಳಿ" ಎಂದು ಬರೆದಿಟ್ಟಿದ್ದಾರೆ.

ಫಲಕಗಳ ಕಥೆಯೇ ಬೇರೆ. ಪಕ್ಕದ ಕಪಾಟಿನಲ್ಲಿ ಒಂದು ಕಾಫಿ ಪಾಟ್, ಅದರ ಮುಂದೆ "ಲಂಡನ್, 1750" ಎಂಬ ಚೀಟಿ. ಹುಡುಗ ಆಚೆ ಹೋದಾಗ ಮನೆಯ ಹಿರಿಯಮ್ಮ, ಎಲ್ಲರೂ ಆಯಿ ಎಂದು ಕರೆಯುವ ಎಂಬತ್ತರ ಹತ್ತಿರದ ಅಜ್ಜಿ, ಮೆಟ್ಟಿಲು ಹತ್ತಿ ಮೇಲೆ ಬಂದರು. ನಾನು ಗಾಜಿಗೆ ಮೂಗು ಹಚ್ಚಿ ನಿಂತದ್ದು ನೋಡಿ, "ತಳ ನೋಡಬೇಕೇನಪಾ? ಮೊದಲ ಕೈ ಒರಸ್ಕೋ" ಎಂದು ತಮ್ಮ ಸೆರಗಿನ ಗಂಟಿನಿಂದ ಕೀಲಿ ತೆಗೆದು ಕಪಾಟು ತೆರೆದೇಬಿಟ್ಟರು. ಇಡೀ ಭೇಟಿಯಲ್ಲಿ ಕೊಟ್ಟ ದುಡ್ಡು ವಸೂಲಾಗಿದ್ದು ಅಲ್ಲಿಂದ ಮುಂದೆ.

ಕಾಫಿ ಪಾಟಿನ ತಳದಲ್ಲಿ ಸಾಲಾಗಿ ಐದು ಪುಟ್ಟ ಮುದ್ರೆ ಇದ್ದವು. ನಡೆಯುತ್ತಿರುವ ಸಿಂಹ, ಅಂದರೆ ಸ್ಟರ್ಲಿಂಗ್ ಬೆಳ್ಳಿ, 1000 ಭಾಗದಲ್ಲಿ 925 ಭಾಗ ಬೆಳ್ಳಿ. ಅದು ಅಚ್ಚ ಸಾಮಾನೇ, ಅನುಮಾನ ಬೇಡ. ಪಕ್ಕದಲ್ಲಿ ಹಡಗಿನ ಲಂಗರು. ಲಂಗರು ಬರ್ಮಿಂಗ್‌ಹ್ಯಾಮ್‌ನ ಗುರುತು. ಲಂಡನ್‌ದಾದರೆ ಚಿರತೆಯ ತಲೆ ಇರಬೇಕು, ಶೆಫೀಲ್ಡ್‌ದಾದರೆ ಕಿರೀಟ, 1975 ರಿಂದೀಚಿನದಾದರೆ ಗುಲಾಬಿ. ಆಮೇಲೊಂದು ಹೆಂಗಸಿನ ತಲೆ, ವಿಕ್ಟೋರಿಯಾ ರಾಣಿಯದು. ರಾಜನದೋ ರಾಣಿಯದೋ ತಲೆ ಇದ್ದರೆ ಸರ್ಕಾರಕ್ಕೆ ಬೆಳ್ಳಿಯ ಸುಂಕ ಕಟ್ಟಿದೆ ಎಂದು ಲೆಕ್ಕ. ಅದು ಶುರುವಾಗಿದ್ದು 1784 ರಲ್ಲಿ, ನಿಂತಿದ್ದು 1890 ರಲ್ಲಿ. ಉಳಿದ ಎರಡು ಮುದ್ರೆಯಲ್ಲಿ ಒಂದು ವರ್ಷ ಹೇಳುವ ಅಕ್ಷರ, ಇನ್ನೊಂದು ಮಾಡಿದವರ ಹೆಸರಿನ ಮೊದಲ ಅಕ್ಷರಗಳು.

ಈಗ ನೀವೇ ಲೆಕ್ಕ ಹಾಕಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ ಹಾಕುವ ಕಚೇರಿ ಶುರುವಾಗಿದ್ದೇ 1773 ರಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬಂದಿದ್ದು 1837 ರಲ್ಲಿ. ಹಾಗಾದರೆ 1750 ಎಲ್ಲಿಂದ ಬಂತು? ಯಾರೋ ಸುಮ್ನೆ ಬಾಯಿಗೆ ಬಂದದ್ದು ಬರೆದಿದ್ದಾರೆ. ಎರಡು ನಿಮಿಷ ತಳ ನೋಡಿದ್ದರೆ ಊರೂ ಕಾಲವೂ ಅದೇ ಹೇಳುತ್ತಿತ್ತು. ನಮ್ಮಲ್ಲಿ ಹಳೇ ಸಾಮಾನು ಅಂದ ತಕ್ಷಣ ಇನ್ನೊಂದು ನೂರು ವರ್ಷ ಸೇರಿಸುವ ಚಟ ಯಾಕೋ ಗೊತ್ತಿಲ್ಲ, ಇರುವ ನೂರೈವತ್ತು ವರ್ಷ ಸಾಲದೇ?

ಮುದ್ರೆ ನೋಡುವಾಗ ಒಂದು ಮೋಸವೂ ಇದೆ, ಹೇಳಿಬಿಡುತ್ತೇನೆ. ಲೇಪದ ಸಾಮಾನಿನ ಮೇಲೂ ಸಾಲಾಗಿ ನಾಲ್ಕು ಚೌಕದಲ್ಲಿ ಅಲಂಕಾರದ ಅಕ್ಷರ ಒತ್ತಿರುತ್ತಾರೆ. ದೂರದಿಂದ ನೋಡಿದರೆ ಥೇಟ್ ಬೆಳ್ಳಿಯ ಮುದ್ರೆಯೇ. ಹತ್ತಿರ ಹೋಗಿ ಓದಿದರೆ ಇ, ಪಿ, ಎನ್, ಎಸ್. ಅಂದರೆ ನಿಕಲ್ ಸಿಲ್ವರ್ ಮೇಲೆ ಕರೆಂಟಿನಿಂದ ಹತ್ತಿಸಿದ ಬೆಳ್ಳಿ. ಆ ನಿಕಲ್ ಸಿಲ್ವರ್ ಅಂದರೆ ತಾಮ್ರ, ಸತು, ನಿಕಲ್ ಮಿಶ್ರಣ, ಬೆಳ್ಳಿ ಒಂದು ಗುಂಜಿಯೂ ಇಲ್ಲ. ನಮ್ಮ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅಂತ ಪೂಜಾ ತಟ್ಟೆ, ಅರಿಶಿನ ಕುಂಕುಮದ ಬಟ್ಟಲು ಮಾರುತ್ತಾರಲ್ಲ, ಅದೂ ಇದೇ ಜಾತಿ. ಈ ಮನೆಯ ಟೋಸ್ಟ್ ಸ್ಟ್ಯಾಂಡುಗಳೂ ಚಮಚಗಳಲ್ಲಿ ಒಂದು ಡಜನ್ನೂ ಆ ನಾಲ್ಕು ಅಕ್ಷರದವು. ಶಹಾಪುರದ ಸರಾಫರ ಅಂಗಡಿಯಲ್ಲಿ ಕೂತು ಬೆಳೆದ ನಮ್ಮ ಮಾಮಾ ಇಂಥ ಚಮಚ ಯಾರಾದರೂ ಮಾರಲು ತಂದರೆ ತಕ್ಕಡಿಗೂ ಹಾಕುತ್ತಿರಲಿಲ್ಲ, ಓದಿ ತೋರಿಸಿ ವಾಪಸ್ ಕಳಿಸುತ್ತಿದ್ದರು.

ಮೇಣದಬತ್ತಿ ಸ್ಟ್ಯಾಂಡುಗಳ ಬಗ್ಗೆಯೂ ಹುಡುಗ "ಒಂದೊಂದು ಒಂದು ಕಿಲೋ ಬೆಳ್ಳಿರಿ" ಅಂದಿದ್ದ. ಬೆಳ್ಳಿಯೇನೋ ನಿಜ, ಆದರೆ ಇಂಥವು ತೆಳ್ಳಗಿನ ತಗಡು. ಒಳಗೆ ರಾಳದಂಥದ್ದು ತುಂಬಿ ಭಾರ ಬರಿಸಿರುತ್ತಾರೆ, ಬೀಳಬಾರದು ಅಂತ. ತೂಕದ ಮೇಲೆ ಬೆಲೆ ಕಟ್ಟಿದರೆ ಕೆಟ್ಟಂತೆಯೇ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಇಂಗ್ಲೆಂಡಿನ ಸಾಮಾನಲ್ಲ, ಇಲ್ಲಿಯವರೇ ಸಾಹೇಬರ ಮೇಜಿಗೆ ಮಾಡಿದ್ದು. ಒಂದು ಟೀ ಸೆಟ್ಟು, ಮೂರೇ ಪಾತ್ರೆ: ಟೀ ಪಾಟು, ಹಾಲಿನದು, ಸಕ್ಕರೆಯದು. ಸುತ್ತ ಸಣ್ಣ ಸಣ್ಣ ಗೂಡು, ಪ್ರತಿ ಗೂಡಿನಲ್ಲೊಬ್ಬ ದೇವರು ಉಬ್ಬಿ ನಿಂತಿದ್ದಾನೆ. ಕೃಷ್ಣ ಇದ್ದಾನೆ, ನಂದಿ ಏರಿದ ಶಿವ ಇದ್ದಾನೆ, ಗಣಪತಿಗೆ ಸಕ್ಕರೆ ಬಟ್ಟಲೇ ಸಿಕ್ಕಿದೆ. ತಳದಲ್ಲಿ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಮುದ್ರೆ. 1849 ರಲ್ಲಿ ಶುರುವಾದ ಅಂಗಡಿ ಅದು, ಗಡಿಯಾರಕ್ಕೂ ಹೆಸರುವಾಸಿ. ದೇವರ ಚಿತ್ರದ ಈ ಕೆಲಸಕ್ಕೆ ಸ್ವಾಮಿ ಕೆಲಸ ಅಂತಲೇ ಹೆಸರು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸರ್ಕಾರಿ ಮುದ್ರೆಯ ವ್ಯವಸ್ಥೆ ಇರಲಿಲ್ಲ, ಅದಕ್ಕೇ ದೊಡ್ಡ ಅಂಗಡಿಗಳು ತಮ್ಮ ಹೆಸರನ್ನೇ ಒತ್ತುತ್ತಿದ್ದವು. ಕಲ್ಕತ್ತೆಯಲ್ಲಿ ಹ್ಯಾಮಿಲ್ಟನ್, ಕಚ್ಛದ ಭುಜ್‌ನಲ್ಲಿ ಊಮರ್ಸಿ ಮಾವ್ಜಿ, ನಮ್ಮ ಪಕ್ಕದ ಪುಣೆಯಲ್ಲಿ ಹೀರಪ್ಪ ಬೂಚಣ್ಣ. ಕಚ್ಛದ ಕೆಲಸ ಬೇರೆ ಥರ, ಪೂರ್ತಿ ಬಳ್ಳಿ, ಎಲೆ, ಒಂದು ಅಂಗುಲ ಜಾಗವೂ ಖಾಲಿ ಬಿಡುವುದಿಲ್ಲ, ನಡುವೆ ಎಲ್ಲೋ ಒಂದು ಹುಲಿ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತದೆ. ಈ ಮನೆಯಲ್ಲಿ ಆ ಥರದ್ದು ಒಂದು ಹಾಲಿನ ಜಗ್ಗು ಇದೆ, ಹಿಡಿಕೆ ಹಾವಿನದು.

ಇಷ್ಟು ಒಳ್ಳೆಯ ಟೀ ಸೆಟ್ಟಿನ ಕೃಷ್ಣನಿಗೆ ಮೂಗಿಲ್ಲ. ಶಿವನಿಗೆ ಮುಖವೇ ಇಲ್ಲ, ಹೊಳೆಯ ಗುಂಡುಕಲ್ಲಿನ ಹಾಗೆ ನುಣ್ಣಗಾಗಿದೆ. ತಿಕ್ಕಿ ತಿಕ್ಕಿ ಹಾಗೆ ಮಾಡಿದ್ದಾರೆ.

ನಾನು ನಾಲ್ಕು ಅಂಕ ಕೊಟ್ಟಿದ್ದು ಇದಕ್ಕೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಮೇಲೆ ಬೆಳ್ಳಿಯ ಸಲ್ಫೈಡ್ ಪದರ ಕಟ್ಟುತ್ತದೆ, ಅದು ಕೊಳೆ ಅಲ್ಲ, ಬೆಳ್ಳಿಯೇ ಬದಲಾಗಿದ್ದು. ತಿಕ್ಕಿ ತೆಗೆದಾಗ ಆ ಬೆಳ್ಳಿಯೂ ಹೋಗುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ತಿಕ್ಕಿದರೆ ಏನೂ ಆಗುವುದಿಲ್ಲ, ಆದರೆ ಇಲ್ಲಿ ಜನ ಬರುತ್ತಾರೆ ಅಂತ ವಾರ ವಾರ ತಿಕ್ಕುತ್ತಾರೆ. ಲೇಪದ ಸಾಮಾನಿನ ಗತಿ ಕೇಳಲೇಬೇಡಿ. ಅಲ್ಲಿರುವುದೇ ಕೂದಲಿಗಿಂತ ತೆಳು ಪದರ, ಒಂಟೆಯ ಬೆನ್ನು ಹಳದಿಯಾದದ್ದು ಅದಕ್ಕೇ.

ಇನ್ನೊಂದು, ಅದ್ದಿ ತೆಗೆಯುವ ಬಾಟ್ಲಿ. ಪೇಟೆಯಲ್ಲಿ ಸಿಗುವ ಆ ದ್ರಾವಣದಲ್ಲಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತದೆ, ಅದ್ದಿದ ತಕ್ಷಣ ಫಳಫಳ. ಕೊಳೆತ ತತ್ತಿಯ ವಾಸನೆ ಬರುತ್ತದೆ ನೋಡಿ, ಅದು ಹೊರಟುಹೋಗುತ್ತಿರುವ ಗಂಧಕ. ಅಪಾಯ ಏನೆಂದರೆ ಕೆತ್ತನೆಯ ಸಂದಿಯಲ್ಲಿ ನೂರಾರು ವರ್ಷದಿಂದ ನಿಂತ ಕಪ್ಪನ್ನೂ ಅದು ತೊಳೆದುಬಿಡುತ್ತದೆ. ಉಬ್ಬು ಕೆಲಸ ಉಬ್ಬಿ ಕಾಣುವುದೇ ಆ ಕಪ್ಪಿನಿಂದ. ಅದು ಹೋದರೆ ಎಲ್ಲ ಒಂದೇ ಬಿಳಿ, ಮೈದಾನ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ವಿಧಾನ ವಿಡಿಯೋಗಳಲ್ಲಿ ನೋಡಿರುತ್ತೀರಿ, ಅದರಲ್ಲಿ ಬೆಳ್ಳಿ ಅಷ್ಟಾಗಿ ಹೋಗುವುದಿಲ್ಲ, ಆದರೆ ಸಂದಿಯ ಕಪ್ಪು ಅದರಲ್ಲೂ ಹೋಗುತ್ತದೆ. ರಾಳ ತುಂಬಿದ ಸ್ಟ್ಯಾಂಡನ್ನು ಬಿಸಿನೀರಿಗೆ ಹಾಕಿದರಂತೂ ಮುಗಿಯಿತು.

ಆಯಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿದೆ. "ನಮ್ಮ ಅತ್ತಿಯವರು ವಿಭೂತಿ ಬಿಟ್ಟು ಬ್ಯಾರೆ ಏನೂ ಹಚ್ಚಗೊಡ್ತಿದ್ದಿಲ್ಲಪಾ. ಮೆತ್ತನ್ನ ಧೋತರದ ಅರಿವಿ, ಅದೂ ಹಳೇದು. ಈಗ ಮೊಮ್ಮಗ ಬಾಟ್ಲಿ ತಂದಾನ, ಫೋಟೋದಾಗ ಹೊಳೀಬೇಕಂತ" ಅಂದರು. ವಿಭೂತಿ ನಯವಾದ ಪುಡಿ, ಗೀರು ಬೀಳುವುದು ಕಡಿಮೆ. ರಂಗೋಲಿ ಪುಡಿಯಲ್ಲೋ ಟೂತ್‌ಪೇಸ್ಟಿನಲ್ಲೋ ತಿಕ್ಕುವವರು ಇದನ್ನು ಗಮನಿಸಿದರೆ ಒಳ್ಳೇದು.

ಕಪಾಟಿನ ಒಳಗೂ ಎಡವಟ್ಟೇ. ಅಡಿಯಲ್ಲಿ ಉಣ್ಣೆಯ ಬಟ್ಟೆ ಹಾಸಿದ್ದಾರೆ. ಚಮಚಗಳನ್ನು ಡಜನ್ ಡಜನ್ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದಾರೆ. ಉಣ್ಣೆಯಲ್ಲೂ ರಬ್ಬರಿನಲ್ಲೂ ಗಂಧಕ ಇರುತ್ತದೆ, ಚಮಚದ ಕುತ್ತಿಗೆಗೆ ಒಂದೊಂದು ಕಪ್ಪು ಪಟ್ಟಿ ಕೂತಿದೆ. ತಾವೇ ಕಪ್ಪು ಮಾಡುವುದು, ತಾವೇ ವಾರಕ್ಕೊಮ್ಮೆ ತಿಕ್ಕುವುದು. ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಇದಕ್ಕಿಂತ ಬೇಜಾರಾಗಿದ್ದು ಬಿದರಿಯ ಪಾನದಾನ್, ಅಂದರೆ ಎಲೆ ಅಡಿಕೆ ಡಬ್ಬಿ ನೋಡಿ. ಬಿದರಿ ಕೆಲಸದ ಮೈಯೇ ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಮಿಶ್ರಲೋಹ. ಅದರಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ, ತಗಡು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ದ್ರಾವಣದಲ್ಲಿ ಕಪ್ಪು ಮಾಡುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ, ಸೊಗಸು ಇರುವುದೇ ಅಲ್ಲಿ. ಇಲ್ಲಿ ಯಾರೋ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಈಗ ಮೈ ಬೂದಿ ಬಣ್ಣ, ಹೂವು ಹುಡುಕಬೇಕು. ಬಿದರಿ ಸಾಮಾನು ಮನೆಯಲ್ಲಿದ್ದವರು ಒಣ ಬಟ್ಟೆಯಲ್ಲಿ ಒರೆಸಿ ಸಾಕು, ಬೇಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ.

ಬೈದಿದ್ದು ಸಾಕು, ನಗು ಬಂದ ವಿಷಯ ಹೇಳುತ್ತೇನೆ. ಕಪಾಟಿನ ಕೆಳಗಿನ ಸಾಲಿನಲ್ಲಿ ಆರು ಪುಟ್ಟ ಬಟ್ಟಲು, ಕಾಲಿನ ಮೇಲೆ ನಿಂತಂಥವು, ಒಳಗೆ ಚಿನ್ನದ ನೀರು. ಆಯಿ ಮನೆಯ ದೇವರ ಮುಂದೆ ತಲೆತಲಾಂತರದಿಂದ ಅವುಗಳಲ್ಲೇ ಅರಿಶಿನ ಕುಂಕುಮ ಇಡುತ್ತಿದ್ದರಂತೆ. ಅವು ಎಗ್ ಕಪ್ಪು. ಬೇಯಿಸಿದ ತತ್ತಿ ನಿಲ್ಲಿಸಿ ತಿನ್ನಲು ಸಾಹೇಬರಿಗೆ ತರಿಸಿದ್ದು. ತತ್ತಿಯಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕರಿ ಹಿಡಿಯುತ್ತದೆ ಅಂತಲೇ ಒಳಗೆ ಚಿನ್ನ ಹಾಕುತ್ತಿದ್ದರು. ಉಪ್ಪಿನ ಬಟ್ಟಲಿನಲ್ಲೂ ಅದಕ್ಕೇ ಚಿನ್ನದ ಲೇಪ ಅಥವಾ ನೀಲಿ ಗಾಜಿನ ಬಟ್ಟಲು ಇರುತ್ತದೆ, ಉಪ್ಪು ಬೆಳ್ಳಿಯನ್ನು ತಿಂದುಹಾಕುತ್ತದೆ. ಮೊಮ್ಮಗ ಹೇಳಿದ ಮೇಲೆ ತಿಳಿಯಿತಂತೆ ಲಿಂಗವಂತರ ದೇವರಕೋಣೆಯಲ್ಲಿ ಇಷ್ಟು ದಿನ ಏನಿತ್ತು ಅಂತ. "ಇಂಗ್ಲಿಷರ ಬಟ್ಟಲಾ ಅಂತ ಗೊತ್ತಿತ್ತು, ತತ್ತೀದು ಅಂತ ಯಾರಿಗೆ ಗೊತ್ತಿತ್ತಪಾ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಈ ಕಥೆಯನ್ನು ಗೈಡ್ ಹುಡುಗ ಹೇಳುವುದೇ ಇಲ್ಲ! ಮರ್ಯಾದೆ ಪ್ರಶ್ನೆ ಇರಬೇಕು. ನನ್ನ ಪ್ರಕಾರ ಇಡೀ ಕೋಣೆಯಲ್ಲಿ ಮೊದಲು ಹೇಳಬೇಕಾದ ಕಥೆ ಅದೇ. ಒಂದು ಟೋಸ್ಟ್ ಸ್ಟ್ಯಾಂಡಿನಲ್ಲಿ ಈಗಲೂ ಕರೆಂಟ್ ಬಿಲ್ಲು, ಮದುವೆ ಕಾರ್ಡು ಸಿಕ್ಕಿಸಿಟ್ಟಿದ್ದಾರೆ, ಅದೂ ಚಂದವೇ.

ಅತ್ತರದಾನಿ, ಪನ್ನೀರುದಾನಿ, ಅಡಿಕೆ ಡಬ್ಬಿ, ಸುಣ್ಣದ ಭರಣಿ, ತಂಬಿಗೆ, ತಾಟು, ವಾಟಿ ಇವೆಲ್ಲ ಕೆಳಗಿನ ಕೋಣೆಯಲ್ಲಿವೆ. ಇವಕ್ಕೆ ಮುದ್ರೆ ಇಲ್ಲ, ಊರಿನ ಅಕ್ಕಸಾಲಿಗರ ಕೈಕೆಲಸ, ಗುದ್ದಿದ ಸುತ್ತಿಗೆಯ ಗುರುತು ಇನ್ನೂ ಕಾಣುತ್ತದೆ. ಪನ್ನೀರುದಾನಿಯ ಕುತ್ತಿಗೆಯಂತೂ ನೋಡುತ್ತಾ ನಿಂತುಬಿಡಬೇಕು, ಅಷ್ಟು ಸಣ್ಣಗೆ ಎಳೆದಿದ್ದಾರೆ. ಪ್ರವಾಸದಲ್ಲಿ ಈ ಕೋಣೆಗೆ ಐದೇ ನಿಮಿಷ. ಅನ್ಯಾಯ.

ಊಟದ ವಿಷಯ. ಬೆಳ್ಳಿ ತಾಟಿನಲ್ಲೇ ಬಡಿಸುತ್ತಾರೆ, ಹಳೇ ತಾಟಲ್ಲ, ಈಚೆಗೆ ಮಾಡಿಸಿದ್ದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳು ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹೋಳಿಗೆ, ಕಟ್ಟಿನ ಸಾರು. ಎಣ್ಣೆಗಾಯಿಗೆ ಹುಚ್ಚೆಳ್ಳಿನ ಪುಡಿ ಹಾಕಿದ್ದರು, ಎರಡು ಸಲ ಹಾಕಿಸಿಕೊಂಡೆ. ಒಂದು ಎಚ್ಚರಿಕೆ: ಸಾರಿನ ವಾಟಿ ಮುಟ್ಟುವ ಮುಂಚೆ ಯೋಚಿಸಿ. ಲೋಹಗಳಲ್ಲೆಲ್ಲ ಶಾಖ ಬೇಗ ಹರಿಸುವುದು ಬೆಳ್ಳಿ, ತಾಮ್ರಕ್ಕಿಂತಲೂ ಜಾಸ್ತಿ. ಸಾರು ಎಷ್ಟು ಬಿಸಿ ಇರುತ್ತದೋ ಅಂಚೂ ಅಷ್ಟೇ ಬಿಸಿ. ನನ್ನ ಎದುರು ಕೂತ ಹುಬ್ಬಳ್ಳಿಯವರೊಬ್ಬರು ತುಟಿ ಸುಟ್ಟುಕೊಂಡರು. ಬೆಳ್ಳಿ ತಾಟಿನಲ್ಲಿ ಉಂಡರೆ ರೋಗವೇ ಬರುವುದಿಲ್ಲ ಎಂದು ಹುಡುಗ ಅಲ್ಲೂ ಒಂದು ಭಾಷಣ ಬಿಟ್ಟ. ಬೆಳ್ಳಿಯ ಅಯಾನುಗಳು ಕ್ರಿಮಿ ಕೊಲ್ಲುತ್ತವೆ ಎನ್ನುವುದು ಸರಿ, ಗಾಯದ ಪಟ್ಟಿಗಳಲ್ಲಿ ಬಳಸುತ್ತಾರೆ. ಅರ್ಧ ಗಂಟೆಯ ಊಟಕ್ಕೆ ಅದನ್ನು ತಂದು ಅಂಟಿಸುವುದು ಸ್ವಲ್ಪ ಜಾಸ್ತಿಯೇ ಆಯಿತು. ಹೋಳಿಗೆ ಚೆನ್ನಾಗಿತ್ತು, ಅಷ್ಟು ಸಾಕಲ್ವಾ.

ಹೊರಗೆ ಬರುವ ದಾರಿಯಲ್ಲಿ ಒಂದು ಮಾರಾಟದ ಮೇಜು. "ವಾಡೆ ಮಾದರಿಯ ಬೆಳ್ಳಿ ಬಟ್ಟಲು" ಅಂತ ಚೀಟಿ. ಕೈಗೆತ್ತಿಕೊಂಡರೆ ಹಗುರ. ಬೆಳ್ಳಿ ಭಾರ ಲೋಹ, ನೀರಿನ ಹತ್ತೂವರೆ ಪಟ್ಟು. ಕೇಳಿದರೆ "ಬೆಳ್ಳಿ ಕೋಟಿಂಗ್ ರೀ" ಎಂದು ಮಾತು ತಿರುಗಿಸಿದರು. ನಾನು ಕೊಳ್ಳಲಿಲ್ಲ. ನಿಮಗೆ ನಿಜವಾಗಿ ಬೆಳ್ಳಿ ಬೇಕಿದ್ದರೆ ಬೆಳಗಾವಿಯಲ್ಲೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ ನೋಡಿ ತೆಗೆದುಕೊಳ್ಳಿ. 2025 ರ ಸೆಪ್ಟೆಂಬರ್ 1 ರಿಂದ ಬೆಳ್ಳಿ ಆಭರಣ, ಸಾಮಾನುಗಳಿಗೂ ಹಾಲ್‌ಮಾರ್ಕ್ ಹಾಕಿದರೆ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಬರುತ್ತದೆ, ಬಿಐಎಸ್‌ನವರ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಚಿನ್ನದ ಹಾಗೆ ಬೆಳ್ಳಿಗೆ ಅದು ಕಡ್ಡಾಯ ಮಾಡಿಲ್ಲ, ಹಾಗಾಗಿ ನೀವೇ ಕೇಳಬೇಕು.

ಇಷ್ಟೆಲ್ಲ ಕೊಂಕು ತೆಗೆದರೂ ಒಂಬತ್ತು ಅಂಕ ಯಾಕೆ ಕೊಟ್ಟೆ ಅಂದರೆ, ಈ ಬೆಳ್ಳಿ ಉಳಿದಿರುವುದೇ ದೊಡ್ಡ ವಿಷಯ. 1948 ರ ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಸೇರಿದವು. ಆಮೇಲೆ ಇನಾಮು, ವತನ ಎಂಬ ವಂಶಪಾರಂಪರ್ಯದ ಭೂಮಿ, ಹಕ್ಕುಗಳು ಹೋದವು, ಉಳುವವನಿಗೆ ಭೂಮಿ ಹೋಯಿತು. ಹಳೇ ಮನೆತನಗಳ ಆದಾಯ ನಿಂತಾಗ ಮೊದಲು ಸರಾಫರ ತಕ್ಕಡಿ ಏರಿದ್ದು ಬೆಳ್ಳಿ ಪಾತ್ರೆಗಳೇ. 1980 ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಕೊಂಡು ಕೂಡಿಟ್ಟು ದರ ಔನ್ಸಿಗೆ 50 ಡಾಲರ್ ಹತ್ತಿರ ಏರಿಸಿದಾಗ ಇಂಗ್ಲೆಂಡಿನಲ್ಲೇ ಹಳೇ ಟೀ ಸೆಟ್ಟುಗಳನ್ನು ಕರಗಿಸಿದರು. ಈಗಂತೂ ಬೆಳ್ಳಿ ದರ ಕೇಳಿದರೆ ತಲೆ ತಿರುಗುತ್ತದೆ. ಆ ಮದ್ರಾಸ್ ಟೀ ಸೆಟ್ಟು ಕರಗಿಸಿ ಮಾರಿದರೆ ವಾಡೆಯ ಸೋರುವ ಮಾಡು ರಿಪೇರಿಯಾಗುತ್ತದೆ, ಅದು ಮನೆಯವರಿಗೂ ಗೊತ್ತು. ಆದರೂ ಇಟ್ಟುಕೊಂಡಿದ್ದಾರೆ. ನಮ್ಮ 600 ರೂಪಾಯಿ ಆ ಮಾಡಿಗೆ ಹೋದರೆ ನನಗೆ ಬೇಜಾರಿಲ್ಲ.

ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಲಿಸಿ ಕೇಳುವವರಿಗೆ: ವಿಜಯಪುರದ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂನಲ್ಲಿ ಆದಿಲ್‌ಶಾಹಿ ಕಾಲದ ಚೀನಿ ಪಿಂಗಾಣಿ, ರತ್ನಗಂಬಳಿ ಇವೆ, ಟಿಕೆಟ್ ಕೊಂಡು ಸುಮ್ನೆ ನೋಡಿ ಬರಬಹುದು. ಆದರೆ ಅಲ್ಲಿ ಯಾವ ಆಯಿಯೂ ಕೀಲಿ ತೆಗೆದು ಪಾತ್ರೆ ಕೈಗೆ ಕೊಡುವುದಿಲ್ಲ.

ಮನೆಯವರು ಇದನ್ನು ಓದಿದರೆ ಮೂರೇ ಮಾತು. ಬಾಟ್ಲಿ ಬಿಸಾಕಿ. ರಬ್ಬರ್ ಬ್ಯಾಂಡ್ ಇವತ್ತೇ ಬಿಚ್ಚಿ. ಫಲಕ ಹೊಸದಾಗಿ ಬರೆಸಿ, ಮುದ್ರೆಗಳ ದೊಡ್ಡ ಫೋಟೋ ತೆಗೆಸಿ ಪಕ್ಕದಲ್ಲಿ ಇಡಿ, ಜನ ತಾವೇ ಓದಿಕೊಳ್ಳುತ್ತಾರೆ.

ಹೋಗುವವರಿಗೆ: ಮೆಟ್ಟಿಲು ಕಡಿದು, ಮಂಡಿನೋವು ಇದ್ದವರು ಕೆಳಗಿನ ಕೋಣೆಯನ್ನಷ್ಟೇ ನೋಡಿ. ಫೋಟೋಗೆ ಬಿಡುತ್ತಾರೆ, ಫ್ಲ್ಯಾಶ್ ಬೇಡ ಅನ್ನುತ್ತಾರೆ. ಸಣ್ಣ ಮಕ್ಕಳನ್ನು ಮೇಲೆ ಬಿಡುವುದಿಲ್ಲ. ಶೌಚಾಲಯ ಹಿತ್ತಲಲ್ಲಿದೆ, ಸ್ವಚ್ಛ ಇದೆ. ಫೋನ್ ಮಾಡುವಾಗಲೇ ಆಯಿ ಊರಲ್ಲಿ ಇರುತ್ತಾರಾ ಎಂದು ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಶ್ರಾವಣದಲ್ಲಿ ಅವರು ಮಗಳ ಮನೆಗೆ ಗೋಕಾಕಕ್ಕೆ ಹೋಗಿರುತ್ತಾರಂತೆ, ಆಗ ಕಪಾಟಿನ ಕೀಲಿಯೂ ಅವರ ಜೊತೆಗೇ ಹೋಗಿರುತ್ತದೆ.